ಕಡಲ ತಳದ ಖನಿಜ ರಾಜ್ಯದ್ದೋ, ಕೇಂದ್ರದ್ದೋ?

ಪ್ರಶ್ನೆ: ತೀರದಿಂದ 12 ನಾಟಿಕಲ್ ಮೈಲಿಯವರೆಗಿನ ಸಮುದ್ರ ರಾಜ್ಯ ಸರ್ಕಾರದ್ದಲ್ಲವೇ? ಹಾಗಿದ್ದರೆ ಅದರ ತಳದ ಮರಳನ್ನು ಕೇಂದ್ರ ಸರ್ಕಾರ ಹೇಗೆ ಹರಾಜು ಹಾಕುತ್ತದೆ?

ಉತ್ತರ: ಕೇರಳದ ಕೊಲ್ಲಂ ಕಡಲಿನ ಮರಳಿನ ಬ್ಲಾಕ್‌ಗಳು, ಅಂದರೆ ಹರಾಜಿಗೆಂದು ಗುರುತಿಸಿದ ಗಣಿ ಪ್ರದೇಶಗಳು, ಸುದ್ದಿಯಾದ ಮೇಲೆ ಈ ಪ್ರಶ್ನೆ ನಿಂತೇ ಇಲ್ಲ. ಹಿಂದೆ ಹಲವು ಬಾರಿ ಬರೆದದ್ದನ್ನೇ ಇನ್ನೊಮ್ಮೆ ಬರೆಯುತ್ತೇನೆ: ಕಡಲ ತಳದ ಖನಿಜ ರಾಜ್ಯದ್ದಲ್ಲ, 12 ಮೈಲಿಯ ಒಳಗೂ ಅಲ್ಲ.

ಈ ತಪ್ಪು ತಿಳಿವಳಿಕೆ ಹುಟ್ಟಿದ್ದು ಮೀನುಗಾರಿಕೆಯಿಂದ. ಸಂವಿಧಾನದ ರಾಜ್ಯ ಪಟ್ಟಿಯಲ್ಲಿ ಮೀನುಗಾರಿಕೆ ಸೇರಿದೆ. ತೀರದಿಂದ 12 ನಾಟಿಕಲ್ ಮೈಲಿಯವರೆಗಿನ ಕಡಲಿಗೆ ಪ್ರಾದೇಶಿಕ ಜಲ ಎಂದು ಹೆಸರು; ಅದರ ಆಚೆಗಿನ ಮೀನುಗಾರಿಕೆ ಮಾತ್ರ ಕೇಂದ್ರ ಪಟ್ಟಿಯಲ್ಲಿದೆ. ಆದ್ದರಿಂದಲೇ 12 ನಾಟಿಕಲ್ ಮೈಲಿಯ ಒಳಗೆ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ, ನಮ್ಮ ದೋಣಿಗಳಿಗೆ 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ಕಾಯ್ದೆ ಅನ್ವಯಿಸುತ್ತದೆ, ಮಳೆಗಾಲದ ನಿಷೇಧದ ಆದೇಶವನ್ನೂ ರಾಜ್ಯವೇ ಹೊರಡಿಸುತ್ತದೆ. ವರ್ಷವರ್ಷವೂ ಆ ಆದೇಶವನ್ನು ಕಾಣುವ ಕರಾವಳಿಯವರಿಗೆ ಅಷ್ಟು ಕಡಲು ಪೂರ್ತಿ ರಾಜ್ಯದ್ದೆಂದು ಅನ್ನಿಸುವುದು ಸಹಜ. ಆದರೆ ನೀರಿನಲ್ಲಿ ಮೀನು ಹಿಡಿಯುವುದನ್ನು ನಿಯಂತ್ರಿಸುವ ಅಧಿಕಾರ ಬೇರೆ, ಆ ನೀರಿನ ಕೆಳಗಿನ ನೆಲದ ಒಡೆತನ ಬೇರೆ.

ಒಡೆತನವನ್ನು ಹೇಳುವುದು ಸಂವಿಧಾನದ 297ನೇ ವಿಧಿ. ಪ್ರಾದೇಶಿಕ ಜಲದ ತಳದಲ್ಲಿರುವ ಭೂಮಿ, ಖನಿಜ ಮತ್ತಿತರ ಬೆಲೆಬಾಳುವ ವಸ್ತುಗಳೆಲ್ಲ ಕೇಂದ್ರಕ್ಕೆ ಸೇರಿದವೆಂದು ಅದು 1950ರಲ್ಲೇ ಹೇಳಿತ್ತು. ಭೂಖಂಡದ ಅಂಚಿನ ತಳ 1963ರಲ್ಲಿ, 200 ನಾಟಿಕಲ್ ಮೈಲಿಯ ವಿಶೇಷ ಆರ್ಥಿಕ ವಲಯ 1976ರಲ್ಲಿ ಅದರೊಳಗೆ ಬಂದವು. ಹೀಗಿರುವಾಗ ಕಡಲ ಖನಿಜಗಳ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯಿಂದ ಕೇಂದ್ರವು ರಾಜ್ಯಗಳ ಸ್ವತ್ತನ್ನು ಕಿತ್ತುಕೊಂಡಿತು ಎಂಬ ಮಾತಿಗೆ ಆಧಾರವೇ ಇಲ್ಲ. ಆ ಕಾಯ್ದೆ 2002ರದು, ಜಾರಿಯಾದದ್ದು 2010ರಲ್ಲಿ. ತಿದ್ದುಪಡಿ ಬದಲಿಸಿದ್ದು ಹಂಚಿಕೆಯ ಕ್ರಮವನ್ನು. ಖಾಸಗಿಯವರಿಗೆ ಇನ್ನು ಹರಾಜಿನ ಮೂಲಕವೇ ಗುತ್ತಿಗೆ ಸಿಗಬೇಕು, ಉತ್ಪಾದನಾ ಗುತ್ತಿಗೆಯ ಅವಧಿ 50 ವರ್ಷ. ಪೆಟ್ರೋಲಿಯಂ ಮತ್ತು ಅನಿಲ ಈ ಕಾಯ್ದೆಗೆ ಒಳಪಡುವುದಿಲ್ಲ. 2024ರ ನವೆಂಬರ್‌ನಲ್ಲಿ ಪ್ರಕಟವಾದ ಮೊದಲ ಹರಾಜಿನ 13 ಬ್ಲಾಕ್‌ಗಳಲ್ಲಿ ಮೂರು ಕೇರಳದ ಮರಳಿನವು, ಮೂರು ಗುಜರಾತಿನ ಸುಣ್ಣದ ಕೆಸರಿನವು, ಉಳಿದ ಏಳು ಗ್ರೇಟ್ ನಿಕೋಬಾರ್ ಬಳಿಯ ಬಹುಲೋಹ ಗಂಟು ಮತ್ತು ಪದರಗಳವು.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ, ಅದನ್ನು ಕೇಳುವವರು ಕಡಿಮೆ: ಈ ಹಣ ಯಾರಿಗೆ ಹೋಗುತ್ತದೆ? ಬಳ್ಳಾರಿಯ ಅದಿರಿನ ರಾಜಧನ (ರಾಯಲ್ಟಿ) ರಾಜ್ಯದ ಖಜಾನೆಗೆ ಬರುತ್ತದೆ. ಅದರ ಜೊತೆಗೆ ಗಣಿಬಾಧಿತರಿಗಾಗಿ ಗುತ್ತಿಗೆದಾರರು ಕಟ್ಟುವ ಹಣ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸೇರುತ್ತದೆ. ಕಡಲ ಖನಿಜದ ರಾಜಧನವಾದರೋ ಕೇಂದ್ರಕ್ಕೇ ಹೋಗುತ್ತದೆ. ತಿದ್ದುಪಡಿಯಲ್ಲಿ ಒಂದು ಖನಿಜ ನಿಧಿಯ ಏರ್ಪಾಡಿದ್ದು, ಗಣಿಗಾರಿಕೆಯಿಂದ ಬಾಧಿತರಾದವರ ಹಿತವೂ ಅದರ ಉದ್ದೇಶಗಳಲ್ಲಿ ಒಂದು. ಆದರೆ ಅದೇ ನಿಧಿ ಖನಿಜ ಅನ್ವೇಷಣೆ, ಸಂಶೋಧನೆ, ವಿಪತ್ತು ಪರಿಹಾರಗಳನ್ನೂ ನೋಡಿಕೊಳ್ಳಬೇಕು, ಮತ್ತು ಅದು ಇಡೀ ದೇಶಕ್ಕೆ ಒಂದೇ. ಬಲೆ ಹಾಕುವ ಜಾಗವನ್ನೇ ಕಳೆದುಕೊಳ್ಳುವ ನಾಡದೋಣಿಯವರಿಗೆ ಅದರಲ್ಲಿ ಇಂತಿಷ್ಟು ಪಾಲು ಎಂದು ಕಾಯ್ದೆ ಗೊತ್ತುಮಾಡಿಲ್ಲ.

ಕೇರಳ ವಿಧಾನಸಭೆ 2025ರ ಮಾರ್ಚ್‌ನಲ್ಲಿ ಈ ಗಣಿಗಾರಿಕೆಯ ವಿರುದ್ಧ ನಿರ್ಣಯ ಅಂಗೀಕರಿಸಿತು. ನಮ್ಮ ಮೂರು ಕರಾವಳಿ ಜಿಲ್ಲೆಗಳ ಜನಪ್ರತಿನಿಧಿಗಳು ಒಡೆತನದ ವಾದದಲ್ಲಿ ಕಾಲ ಕಳೆಯದೆ, ಮೀನುಗಾರರ ಪಾಲನ್ನು ಕಾಯ್ದೆಯಲ್ಲೇ ಬರೆಸಿಕೊಳ್ಳಲು ಸಂಸತ್ತಿನಲ್ಲಿ ಒತ್ತಾಯಿಸಬೇಕು, ಅದೂ ನಮ್ಮ ಕಡಲಿನ ಬ್ಲಾಕ್‌ಗಳು ಹರಾಜಿನ ಪಟ್ಟಿಗೆ ಬರುವ ಮೊದಲೇ.