ನಿಂತ ಹಾಲಿಗೆ ಇನ್ನೊಂದು ಬಾಣಂತನ

ಓದುಗರ ಪ್ರಶ್ನೆ: ಅಕ್ಕ, ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ. ಮಗುವಿಗೆ ಈಗ ಎರಡೂವರೆ ತಿಂಗಳು. ಹೆರಿಗೆಯಾಗಿ ಒಂದೂವರೆ ತಿಂಗಳಿಗೆ ನನಗೆ ಪಿತ್ತಕೋಶದಲ್ಲಿ ಕಲ್ಲು ಅಂತ ಮೈಸೂರಿನಲ್ಲಿ ಆಪರೇಷನ್ ಆಯಿತು. ಆಮೇಲೆ ತುಂಬಾ ನಿತ್ರಾಣ. ಇಪ್ಪತ್ತೈದು ದಿನ ಮಗುವಿಗೆ ಎದೆ ಕೊಡಲಿಲ್ಲ. ಬಾಟಲಿಯಲ್ಲಿ ಡಬ್ಬಿ ಹಾಲು ಕುಡಿಯುತ್ತಿದ್ದಾನೆ. ಈಗ ಎದೆ ಮೆತ್ತಗಾಗಿದೆ. ಹಿಂಡಿದರೆ ಒಂದು ಹನಿ, ಒಮ್ಮೊಮ್ಮೆ ಅದೂ ಇಲ್ಲ. ನಮ್ಮತ್ತೆ "ಬತ್ತಿದ ಹಸು ಮತ್ತೆ ಕರು ಹಾಕೋ ತನಕ ಹಾಲು ಕೊಡಲ್ಲ, ಸುಮ್ನೆ ಯಾಕೆ ಒದ್ದಾಡ್ತೀಯ" ಅಂತಾರೆ. ನಿಜವಾ? ಪುಡಿ ಏನಾದರೂ ತಗೊಂಡರೆ ಬರುತ್ತಾ? ಇನ್ನು ಮೂರು ತಿಂಗಳಿಗೆ ಗಾರ್ಮೆಂಟ್ಸ್ ಕೆಲಸಕ್ಕೂ ಹೋಗಬೇಕು.

ಉತ್ತರ: ಹಾಲು ಮತ್ತೆ ಬರುತ್ತದೆ. ಎಷ್ಟು ಬರುತ್ತದೆ ಅನ್ನೋದು ಬೇರೆ ಮಾತು, ಅದಕ್ಕೆ ಆಮೇಲೆ ಬರೋಣ.

ಅತ್ತೆಯವರ ಮೇಲೆ ಬೇಜಾರಾಗಬೇಡಿ. ದನ ಕಟ್ಟಿದ ಮನೆಯವರು ಹಾಗೆಯೇ ಯೋಚಿಸುತ್ತಾರೆ. ಗಬ್ಬದ ಹಸುವನ್ನು ಬತ್ತಿಸಿದ ಮೇಲೆ ಮುಂದಿನ ಕರು ಹಾಕುವ ತನಕ ಚೊಂಬು ಹಿಡಿದು ಕೂರುವ ಹಾಗಿಲ್ಲ, ಅದು ಸರಿ. ಆದರೆ ಹೆಂಗಸಿನ ಮೈ ಬೇರೆ. ಹಾಲು ನಿಂತು ವಾರಗಳು, ತಿಂಗಳುಗಳು ಕಳೆದರೂ ಇನ್ನೊಂದು ಹೆರಿಗೆ ಇಲ್ಲದೆ ಮತ್ತೆ ಶುರು ಮಾಡಬಹುದು. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲೇ ಇದಕ್ಕೆಂದು ಒಂದು ಪುಸ್ತಿಕೆ ತಂದಿದೆ. ಬಸಿರಾಗದೆ ಮಗುವನ್ನು ದತ್ತು ತೆಗೆದುಕೊಂಡ ಕೆಲವು ತಾಯಂದಿರು ಕೂಡ ಎದೆಹಾಲು ತರಿಸಿಕೊಂಡಿದ್ದಾರೆ. ನಿಮಗಾದರೆ ಒಂದೂವರೆ ತಿಂಗಳು ಹಾಲು ಬಂದ ಎದೆ. ಅದಕ್ಕೆ ದಾರಿ ಗೊತ್ತಿದೆ.

ಕೊಟ್ಟಿಗೆಯ ಇನ್ನೊಂದು ಪಾಠವನ್ನು ಮಾತ್ರ ಅತ್ತೆಯವರಿಂದಲೇ ಕೇಳಿ ತಿಳಿಯಿರಿ. ಕರು ಬಿಟ್ಟು ಮೂತಿಯಿಂದ ಗುದ್ದಿಸಿದ ಮೇಲಲ್ಲವೇ ಹಸು ಸೊರ ಬಿಡೋದು? ಹೊಸಬರು ಗದರಿಸಿಕೊಂಡು ಹೋದರೆ ಹಾಲು ಮೇಲೆಳೆದುಕೊಳ್ಳುತ್ತದೆ. ಇದು ನಿಮಗೂ ಹಾಗೆಯೇ. ಮಗು ಚೀಪಿದಾಗ ಮೊಲೆತೊಟ್ಟಿನ ನರಗಳು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಎರಡು ಹಾರ್ಮೋನು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲು ಮಾಡಿಸುತ್ತದೆ, ಆಕ್ಸಿಟೋಸಿನ್ ಇರುವ ಹಾಲನ್ನು ಹೊರಗೆ ಬಿಡಿಸುತ್ತದೆ. ನೋವು, ಭಯ, ಮನೆಯ ಜಗಳ ಇದ್ದರೆ ಈ ಎರಡನೆಯದು ಹಿಂದೇಟು ಹಾಕುತ್ತದೆ. ಇನ್ನೊಂದು ವಿಷಯ: ಎದೆಯಲ್ಲಿ ಹಾಲು ಹಾಗೇ ನಿಂತರೆ ಮೈ "ಸಾಕು" ಅಂದುಕೊಂಡು ಮಾಡುವುದನ್ನೇ ಕಡಿಮೆ ಮಾಡುತ್ತದೆ. ನಿಮಗೆ ಆಗಿದ್ದು ಇದೇ. ಇಪ್ಪತ್ತೈದು ದಿನ ಯಾರೂ ಕೇಳಲಿಲ್ಲ, ಅದು ನಿಲ್ಲಿಸಿತು. ಈಗ ಮತ್ತೆ ಮತ್ತೆ ಕೇಳಬೇಕು, ಹಗಲೂ ರಾತ್ರಿಯೂ.

ಅದಕ್ಕೇ ಪುಡಿಗಿಂತ ಮೊದಲು ನಿಮಗೆ ಬೇಕಾಗಿರುವುದು ಇನ್ನೊಂದು ಬಾಣಂತನ. ಎರಡು ವಾರ ಒಲೆ, ಪಾತ್ರೆ, ಕೊಟ್ಟಿಗೆ ಯಾವುದೂ ನಿಮ್ಮದಲ್ಲ. ತವರಿಗೆ ಹೋಗುವುದಾದರೆ ಹೋಗಿ. ಇಲ್ಲವಾದರೆ ಇಲ್ಲೇ ಒಂದು ಕೋಣೆ ಹಿಡಿದು ಕೂತುಬಿಡಿ. ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ವರ್ಷಗಟ್ಟಲೆ ನೋಡಿದವಳು ನಾನು. ಹಾಲು ಮತ್ತೆ ಬಂದ ತಾಯಂದಿರ ಹಿಂದೆ ಬಟ್ಟೆ ಒಗೆಯೋಕೆ ಯಾರೋ ಒಬ್ಬರು ಇದ್ದೇ ಇರುತ್ತಿದ್ದರು.

ಹೇಗೆ ಶುರು ಮಾಡೋದು ಅಂದರೆ, ಮೊದಲ ಒಂದೆರಡು ದಿನ ಮಗುವಿಗೆ ಎದೆಯ ಪರಿಚಯ ಮತ್ತೆ ಆಗಲಿ. ಅವನ ಅಂಗಿ ಬಿಚ್ಚಿ, ನಿಮ್ಮ ಬರಿ ಎದೆಯ ಮೇಲೆ ಮಲಗಿಸಿಕೊಳ್ಳಿ, ಮೇಲೊಂದು ಹಳೇ ಸೀರೆ ಹೊದ್ದುಕೊಳ್ಳಿ. ಹಸಿದು ಕಿರುಚುವಾಗ ಎದೆಗೆ ಹಾಕಬೇಡಿ, ಬಾಟಲಿಯ ರಭಸ ಕಂಡವನು ಕೋಪ ಮಾಡಿಕೊಳ್ಳುತ್ತಾನೆ. ಅರೆನಿದ್ದೆಯಲ್ಲಿದ್ದಾಗ, ಆಗಷ್ಟೇ ಎದ್ದಾಗ ಪ್ರಯತ್ನಿಸಿ. ಬಾಯಿ ಅಗಲವಾಗಿ ತೆರೆದಿರಬೇಕು. ತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗವೂ ಆದಷ್ಟು ಬಾಯೊಳಗೆ ಹೋಗಬೇಕು. ಗಲ್ಲ ಎದೆಗೆ ತಾಗಿರಬೇಕು. ನಿಮಗೆ ನೋವಾದರೆ ಕಚ್ಚಿರುವ ರೀತಿ ಸರಿಯಿಲ್ಲ ಅಂತ ಅರ್ಥ, ಬಿಡಿಸಿ ಮತ್ತೆ ಹಾಕಿ. ದಿನಕ್ಕೆ ಎಂಟರಿಂದ ಹನ್ನೆರಡು ಸಲ, ಪ್ರತಿ ಸಲವೂ ಎರಡೂ ಕಡೆ. ರಾತ್ರಿಯ ಸರದಿ ತಪ್ಪಿಸಬೇಡಿ, ಪ್ರೊಲ್ಯಾಕ್ಟಿನ್ ಜಾಸ್ತಿ ಇರುವುದು ರಾತ್ರಿಯಲ್ಲೇ.

ಬರಿ ಎದೆಯನ್ನು ಎಷ್ಟು ಹೊತ್ತು ಚೀಪುತ್ತಾನೆ ಅಂತ ಕೇಳುತ್ತೀರಿ, ಅಲ್ವಾ? ಅದಕ್ಕೊಂದು ಉಪಾಯ ಇದೆ. ಮಗು ಎದೆಗೆ ಬಾಯಿ ಹಾಕಿದಾಗ ಇನ್ನೊಬ್ಬರು ಡಬ್ಬಿ ಹಾಲನ್ನು ಒಳಲೆಯಿಂದಲೋ (ಮಗುವಿಗೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು) ಚಮಚದಿಂದಲೋ ಎದೆಯ ಮೇಲಿನಿಂದ ಹನಿಹನಿಯಾಗಿ ಇಳಿಬಿಡುವುದು. ಹಾಲು ತೊಟ್ಟಿನ ಕಡೆಗೆ ಹರಿದು ಅವನ ಬಾಯಿಗೆ ಸೇರುತ್ತದೆ. ಚೀಪಿದರೆ ಸಿಗುತ್ತದೆ ಅಂತ ಅವನಿಗೆ ಗೊತ್ತಾದರೆ ಬಿಡುವುದಿಲ್ಲ. ಇದಕ್ಕಿಂತ ಅನುಕೂಲದ್ದು ಟ್ಯೂಬ್. ಮೆಡಿಕಲ್ ಸ್ಟೋರಿನಲ್ಲಿ ಇನ್‌ಫೆಂಟ್ ಫೀಡಿಂಗ್ ಟ್ಯೂಬ್ ಅಂತ ಕೇಳಿ, 5 ಅಥವಾ 6 ನಂಬರಿನದು. ಒಂದು ತುದಿ ಹಾಲಿನ ಲೋಟದಲ್ಲಿ, ಇನ್ನೊಂದು ತುದಿ ತೊಟ್ಟಿನ ಪಕ್ಕದಲ್ಲಿ ಟೇಪು ಹಾಕಿ ಅಂಟಿಸಿದ್ದು. ಮಗು ತೊಟ್ಟು ಮತ್ತು ಟ್ಯೂಬು ಎರಡನ್ನೂ ಒಟ್ಟಿಗೆ ಚೀಪುತ್ತದೆ. ಲೋಟ ಮೇಲೆತ್ತಿದರೆ ಹಾಲು ಜೋರಾಗಿ ಬರುತ್ತದೆ, ಕೆಳಗಿಳಿಸಿದರೆ ನಿಧಾನ. ಶುರುವಿಗೆ ಮಗುವಿನ ಬಾಯಿಯ ಮಟ್ಟಕ್ಕಿಂತ ಮೇಲೆ ಎತ್ತಬೇಡಿ, ನೆತ್ತಿಗೆ ಹತ್ತುತ್ತದೆ. ಮೊದಲ ಸಲ ನರ್ಸ್ ಎದುರಿಗೇ ಮಾಡಿ. ಪ್ರತಿ ಸಲ ಬಿಸಿನೀರು, ಸೋಪು ಹಾಕಿ ಒಳಗೂ ನೀರು ಹಾಯಿಸಿ ತೊಳೆಯಬೇಕು, ಆಗಾಗ ಹೊಸದು ತರಬೇಕು.

ಬಾಟಲಿಯನ್ನು ಮಾತ್ರ ಅಟ್ಟದ ಮೇಲಿಡಿ. ರಬ್ಬರ್ ನಿಪ್ಪಲ್ ಚೀಪುವ ರೀತಿಯೇ ಬೇರೆ. ಟ್ಯೂಬ್ ಇಲ್ಲದ ಹೊತ್ತಿನಲ್ಲಿ ಒಳಲೆ ಸಾಕು. ನಮ್ಮ ಅಜ್ಜಿಯರ ಒಳಲೆಯನ್ನೇ ಮಕ್ಕಳ ಐಸಿಯುಗಳಲ್ಲಿ ಪಲ್ಲಾಡೆ ಅಂತ ಕರೆದು ಈಗಲೂ ಬಳಸುತ್ತಾರೆ. ಆಗಾಗ ಕುದಿಸಿಕೊಳ್ಳಿ, ಅಷ್ಟೇ.

ಮಗು ಎದೆಯನ್ನು ಮುಟ್ಟಿಯೂ ನೋಡದಿದ್ದರೆ ಕೈಯಿಂದಲೋ ಪಂಪಿನಿಂದಲೋ ಹಿಂಡಬೇಕು. ಸರದಿ ಅಷ್ಟೇ, ಎರಡು ಮೂರು ಗಂಟೆಗೊಮ್ಮೆ, ಒಂದೊಂದು ಕಡೆ ಹತ್ತು ಹದಿನೈದು ನಿಮಿಷ. ತೊಟ್ಟನ್ನು ಎಳೆಯಬೇಡಿ. ಕಪ್ಪು ಭಾಗದ ಅಂಚಿಗಿಂತ ಸ್ವಲ್ಪ ಹಿಂದೆ ಹೆಬ್ಬೆರಳು, ತೋರುಬೆರಳು ಇಟ್ಟು, ಒಳಕ್ಕೆ ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಎರಡೂ ಬೆರಳು ಸೇರಿಸಿ ಅದುಮಿ, ಬಿಡಿ. ಮೊದಲ ದಿನಗಳಲ್ಲಿ ಏನೂ ಬರದೇ ಇರಬಹುದು. ಆಗಲೂ ಕೆಲಸ ನಡೆಯುತ್ತಿರುತ್ತದೆ, ಸುದ್ದಿ ಮೇಲಕ್ಕೆ ಹೋಗುತ್ತಿರುತ್ತದೆ.

ಇನ್ನು ಹೊಟ್ಟೆಯ ಲೆಕ್ಕ. ಇದರಲ್ಲಿ ಎಡವಟ್ಟು ಆಗಬಾರದು, ಅದಕ್ಕೇ ಬಿಡಿಸಿ ಹೇಳುತ್ತೇನೆ. "ಹಸಿವಾದರೆ ತಾನೇ ಚೀಪುತ್ತಾನೆ" ಅಂತ ಡಬ್ಬಿ ಹಾಲನ್ನು ಒಮ್ಮೆಗೇ ನಿಲ್ಲಿಸುವವರಿದ್ದಾರೆ. ದಯವಿಟ್ಟು ಬೇಡ. ನಿತ್ರಾಣವಾದ ಮಗು ಚೀಪುವುದಿಲ್ಲ, ಮಲಗುತ್ತದೆ. ನೀರು ಜಾಸ್ತಿ ಹಾಕಿ ತೆಳ್ಳಗೆ ಮಾಡುವುದೂ ಬೇಡ. ಈ ವಯಸ್ಸಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ ಸುಮಾರು 150 ಮಿಲಿ ಹಾಲು ಬೇಕು. ಐದು ಕೆಜಿ ಮಗುವಾದರೆ 750 ಮಿಲಿ. ಅಷ್ಟನ್ನೂ ಕೊಡುತ್ತಲೇ ಎದೆಗೂ ಹಾಕಿ. ನಿಮ್ಮ ಹಾಲು ಬರಲು ಶುರುವಾದ ಮೇಲೆ ಇಡೀ ದಿನದ ಲೆಕ್ಕದಲ್ಲಿ 50 ಮಿಲಿ ಮಾತ್ರ ಕಡಿಮೆ ಮಾಡಿ, ಕೆಲವು ದಿನ ನೋಡಿ. ಉಚ್ಚೆ ದಿನಕ್ಕೆ ಆರು ಸಲವಾದರೂ ಹೊಯ್ಯುತ್ತಿರಬೇಕು, ಬಣ್ಣ ತಿಳಿಯಾಗಿರಬೇಕು. ವಾರಕ್ಕೊಮ್ಮೆ ಅಂಗನವಾಡಿಯ ತಕ್ಕಡಿಯಲ್ಲಿ ತೂಗಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ. ಮೊದಲ ಮೂರು ತಿಂಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರುವುದು ಸಾಮಾನ್ಯ. ತೂಕ ಏರಿದರೆ ಇನ್ನೊಂದು 50 ಮಿಲಿ ಇಳಿಸಿ. ಏರದಿದ್ದರೆ ಹಳೇ ಅಳತೆಗೆ ವಾಪಸ್ಸು. ಮಗು ಮಂಕಾದರೆ, ಬಾಯಿ ಒಣಗಿದರೆ, ನೆತ್ತಿ ಗುಳಿ ಬಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಮನೆಯ ಹಸುವಿನ ಹಾಲು ಈಗ ಬೇಡವೇ ಬೇಡ. ಅದು ವರ್ಷ ತುಂಬಿದ ಮೇಲೆ.

ಪುಡಿಯ ವಿಷಯ. ಶತಾವರಿ, ಮೆಂತ್ಯ, ಲೇಹ್ಯ ಎಲ್ಲದಕ್ಕೂ ಹೊಗಳುವವರಿದ್ದಾರೆ, ಗಟ್ಟಿ ಸಾಕ್ಷಿ ಮಾತ್ರ ಕಡಿಮೆ. ಸಬ್ಬಸಿಗೆ ಸೊಪ್ಪಿನ ಬಸ್ಸಾರು, ಬೆಳ್ಳುಳ್ಳಿ ಜಾಸ್ತಿ ಹಾಕಿದ ಸಾರು ಇಷ್ಟವಿದ್ದರೆ ಧಾರಾಳವಾಗಿ ಉಣ್ಣಿ. ಊಟಕ್ಕೆ ಊಟವಂತೂ ಆಯಿತು. ಹಾಲೂಡಿಸುವವರಿಗೆ ದಿನಕ್ಕೆ 500-600 ಕ್ಯಾಲೊರಿಯಷ್ಟು ಹೆಚ್ಚು ಊಟ ಬೇಕು, ಅಂದರೆ ಒಂದು ಮುದ್ದೆ, ಒಂದು ಮೊಟ್ಟೆ, ಒಂದಿಷ್ಟು ಕಾಳು ಜಾಸ್ತಿ. 2017ರಿಂದ ಬಸುರಿ, ಬಾಣಂತಿಯರಿಗೆಂದು ಸರ್ಕಾರದ ಮಾತೃಪೂರ್ಣ ಯೋಜನೆಯ ಬಿಸಿಯೂಟ ಅಂಗನವಾಡಿಯಲ್ಲಿದೆ, ಅದು ನಿಮ್ಮ ಹಕ್ಕು. ಬಾಣಂತಿ ನೀರು ಕುಡಿಯಬಾರದು ಅನ್ನುವ ಹಳೇ ಕಟ್ಟುಪಾಡನ್ನು ಮಾತ್ರ ಒಪ್ಪಬೇಡಿ. ಬಾಯಾರಿದಾಗೆಲ್ಲ ಕುಡಿಯಿರಿ. ಹಾಗಂತ ಚೊಂಬುಗಟ್ಟಲೆ ಕುಡಿದರೆ ಹಾಲು ಹೆಚ್ಚುವುದೂ ಇಲ್ಲ.

ಡಾಂಪೆರಿಡೋನ್ ಅನ್ನುವ ವಾಂತಿ ನಿಲ್ಲಿಸುವ ಮಾತ್ರೆ ಹಾಲು ಹೆಚ್ಚಿಸುತ್ತದೆ ಅಂತ ಪಕ್ಕದ ಮನೆಯವರು ಹೇಳಿರಬಹುದು. ಅದು ಪ್ರೊಲ್ಯಾಕ್ಟಿನ್ ಏರಿಸುವುದು ನಿಜ. ಆದರೆ ಕೆಲವರಿಗೆ ಹೃದಯದ ಬಡಿತವನ್ನು ಏರುಪೇರು ಮಾಡುತ್ತದೆ. ಡಾಕ್ಟರು ನೋಡಿ ಬರೆದರೆ ಮಾತ್ರ ತಗೊಳ್ಳಿ. ತಗೊಂಡರೂ ಚೀಪಿಸದಿದ್ದರೆ ಪ್ರಯೋಜನವಿಲ್ಲ.

ಅದೇ ಡಾಕ್ಟರ ಹತ್ತಿರ ಇನ್ನೂ ಕೆಲವು ಮಾತು ಕೇಳಬೇಕು. ಆಪರೇಷನ್ ಆದಮೇಲಿನ ಯಾವ ಮಾತ್ರೆ ಇನ್ನೂ ನಡೆಯುತ್ತಿದೆ, ಹಾಲೂಡಿಸುವಾಗ ಅದು ಆಗುತ್ತದಾ? ಥೈರಾಯ್ಡ್, ರಕ್ತಹೀನತೆ ನೋಡಿದ್ದಾರಾ? ಮಕ್ಕಳಾಗದಂತೆ ಮಾಲಾ-ಎನ್ ಥರದ ಗುಳಿಗೆ ನುಂಗುತ್ತಿದ್ದರೆ ಹೇಳಿಬಿಡಿ, ಅದರಲ್ಲಿರುವ ಈಸ್ಟ್ರೊಜೆನ್ ಹಾಲು ಇಳಿಸುತ್ತದೆ. ಕಾಪರ್-ಟಿ ಆದರೆ ತೊಂದರೆಯಿಲ್ಲ. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ನೆಗಡಿ ಮಾತ್ರೆಗಳೂ ಹಾಲು ಇಳಿಸುತ್ತವೆ. ಆಸ್ಪತ್ರೆಯಲ್ಲಿ ಎದೆ ಕಟ್ಟಿ ನೋವಾದಾಗ ಹಾಲು ನಿಲ್ಲಲು ಮಾತ್ರೆ ಕೊಟ್ಟಿದ್ದರಾ, ನೆನಪಿಸಿಕೊಳ್ಳಿ. ಕೊಟ್ಟಿದ್ದರೆ ಶುರುವಾಗುವುದು ಸ್ವಲ್ಪ ತಡವಾಗಬಹುದು. ಮಲ್ಲಿಗೆ ಹೂ ಕಟ್ಟಿದ್ದರಾ ಅಂತಲೂ ಕೇಳುತ್ತೇನೆ, ನಗಬೇಡಿ. ಹಾಲು ಬತ್ತಿಸಲು ಎದೆಗೆ ಮಲ್ಲಿಗೆ ಕಟ್ಟುವುದು ನಮ್ಮ ದಕ್ಷಿಣದ ಹಳೇ ಪದ್ಧತಿ. 1988ರಲ್ಲಿ ಅದನ್ನು ಹಾಲು ನಿಲ್ಲಿಸುವ ಮಾತ್ರೆಯ ಜೊತೆ ಹೋಲಿಸಿ ನೋಡಿದ ಅಧ್ಯಯನವೇ ಬಂದಿದೆ. ಹೂ ಕಟ್ಟಿದವರಲ್ಲೂ ಪ್ರೊಲ್ಯಾಕ್ಟಿನ್ ಇಳಿದಿತ್ತು. ಹಾಗಾಗಿ ಸದ್ಯಕ್ಕೆ ಮಲ್ಲಿಗೆಯನ್ನು ಎದೆಗೆ ಕಟ್ಟಬೇಡಿ.

ಮಂಡ್ಯದ ಮಿಮ್ಸ್ ಆಗಲಿ, ಮೈಸೂರಿನ ಚೆಲುವಾಂಬ ಆಸ್ಪತ್ರೆಯಾಗಲಿ, ಹೆರಿಗೆ ವಾರ್ಡಿನ ಅನುಭವಸ್ಥ ಸಿಸ್ಟರ್‌ಗಳನ್ನು ಕೇಳಿ. ಅಷ್ಟು ದೂರ ಹೋಗಲಾಗದಿದ್ದರೆ ಆಶಾ ಕಾರ್ಯಕರ್ತೆಯಿಂದ ಶುರು ಮಾಡಿ.

ಎಷ್ಟು ದಿನ ಬೇಕು? ಸಾಮಾನ್ಯವಾಗಿ ಒಂದು ವಾರ, ಹತ್ತು ದಿನದಲ್ಲಿ ಹನಿ ಕಾಣುತ್ತದೆ. ನಿಮಗೆ ಈಗಲೇ ಆ ಒಂದು ಹನಿ ಇದೆ, ಅದು ಒಳ್ಳೇ ಸೂಚನೆ. ಹೊಟ್ಟೆ ತುಂಬುವಷ್ಟು ಬರಲು ಕೆಲವು ವಾರ ಹಿಡಿಯುತ್ತದೆ. ಮಗುವಿಗೆ ಮೂರು ತಿಂಗಳೂ ತುಂಬಿಲ್ಲ, ಬಿಟ್ಟು ಒಂದು ತಿಂಗಳೂ ಆಗಿಲ್ಲ. ಎರಡೂ ನಿಮ್ಮ ಕಡೆಗೇ ಇವೆ. ಪೂರ್ತಿ ಬರದೆ ಅರ್ಧ ಬಂದರೆ? ಅರ್ಧ ಎದೆಹಾಲು, ಅರ್ಧ ಡಬ್ಬಿ ಹಾಲು ಕುಡಿದು ಚೆನ್ನಾಗಿ ಬೆಳೆದ ಮಕ್ಕಳನ್ನು ಎಷ್ಟೋ ನೋಡಿದ್ದೇನೆ. ಇಷ್ಟು ದಿನ ಡಬ್ಬಿ ಹಾಲು ಕೊಟ್ಟೆ ಅಂತ ಕೊರಗಬೇಡಿ. ನೀವು ಆಪರೇಷನ್ ಟೇಬಲ್ ಮೇಲಿದ್ದಾಗ ಮಗುವನ್ನು ಕಾಪಾಡಿದ್ದು ಅದೇ ತಾನೇ. ಒಂದು ತಿಂಗಳು ನಿಯತ್ತಾಗಿ ಮಾಡಿಯೂ ಸಾಕಾಗಿ ಹೋದರೆ ನಿಲ್ಲಿಸುವುದೂ ನಿಮ್ಮ ಇಷ್ಟ. ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ.

ಕೆಲಸದ್ದು. ಆ ಹೊತ್ತಿಗೆ ಮಗುವಿಗೆ ಐದೂವರೆ ತಿಂಗಳಾಗಿರುತ್ತದೆ. ಮಗುವಿಗೆ ಹದಿನೈದು ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕು ಅಂತ ಹೆರಿಗೆ ಸೌಲಭ್ಯದ ಕಾನೂನಿನಲ್ಲೇ ಇದೆ. ಆ ಬಿಡುವಿನಲ್ಲಿ ಹಿಂಡಿಕೊಳ್ಳಬಹುದು. ಹಿಂಡಿದ ಹಾಲು 25 ಡಿಗ್ರಿಯೊಳಗಿನ ತಂಪಿನಲ್ಲಿ ನಾಲ್ಕು ಗಂಟೆ ಇರುತ್ತದೆ, ನಮ್ಮ ಏಪ್ರಿಲ್ ಬಿಸಿಲಲ್ಲಿ ಅಷ್ಟು ಹೊತ್ತು ನಂಬಬೇಡಿ. ಫ್ರಿಜ್ಜಿನಲ್ಲಾದರೆ ನಾಲ್ಕು ದಿನ. ಫ್ಯಾಕ್ಟರಿಗೆ ಏನು ಒಯ್ಯಬೇಕು, ಹೇಗೆ ತರಬೇಕು ಅನ್ನೋದು ಹಾಲು ಬಂದ ಮೇಲಿನ ಮಾತು. ಆಗ ಇನ್ನೊಂದು ಕಾಗದ ಬರೆಯಿರಿ, ಮಗುವಿನ ತೂಕವನ್ನೂ ಬರೆಯಿರಿ.