ರಂಗಮಂದಿರದ ಮೇಲೆ ಸೋಲಾರ್ ಹಾಕಿಸಿದರೆ ಸಾಕೇ?

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ 300 ಆಸನಗಳ ಒಂದು ರಂಗಮಂದಿರವಿದೆ. ಅದನ್ನು ಪರಿಸರಸ್ನೇಹಿ ಮಾಡಬೇಕೆಂಬುದು ಸಮಿತಿಯ ಆಸೆ. ಚಾವಣಿಗೆ ಸೋಲಾರ್ ಹಾಕಿಸಿದರೆ ಸಾಕಲ್ಲವೇ?

ಉತ್ತರ: ಸಾಲದು. ಸೋಲಾರ್ ಬೇಡವೆಂದಲ್ಲ, ಅದರ ಸರದಿ ಆಮೇಲಿನದು. ಮೊದಲು ನೋಡಬೇಕಾದದ್ದು ಮಂದಿರದೊಳಗೆ ಹುಟ್ಟುವ ಸೆಕೆಯನ್ನು.

ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಹೆಚ್ಚುಕಡಿಮೆ 100 ವ್ಯಾಟ್ ಶಾಖ ಹೊರಬೀಳುತ್ತದೆ. ಮಂದಿರ ತುಂಬಿದರೆ 30 ಕಿಲೋವ್ಯಾಟ್ ಆಯಿತು. ಜತೆಗೆ 1,000 ವ್ಯಾಟಿನ 20 ಹಳೆಯ ಪಾರ್ ಲೈಟುಗಳು (ರಂಗಕ್ಕೆ ಬೆಳಕು ಚೆಲ್ಲುವ ಹ್ಯಾಲೋಜನ್ ದೀಪಗಳು) ಪೂರ್ತಿ ಉರಿದರೆ ಇನ್ನೊಂದು 20. ಹ್ಯಾಲೋಜನ್ ದೀಪ ಎಳೆಯುವ ಕರೆಂಟಿನಲ್ಲಿ ಬೆಳಕಾಗುವುದು ಅತ್ಯಲ್ಪ, ಮಿಕ್ಕಿದ್ದೆಲ್ಲ ಬಿಸಿ. ಒಂದು ಟನ್ ಏಸಿ ಹೊರಹಾಕಬಲ್ಲದ್ದು ಸುಮಾರು 3.5 ಕಿಲೋವ್ಯಾಟ್ ಶಾಖ. ಅಂದರೆ ಆ ದೀಪಗಳ ಬಿಸಿ ತೆಗೆಯುವುದಕ್ಕೇ ಆರು ಟನ್ ಏಸಿ ಬೇಕು. ದೀಪ ಉರಿಸುವುದಕ್ಕೊಮ್ಮೆ, ಅದರ ಬಿಸಿ ತೆಗೆಯುವುದಕ್ಕೊಮ್ಮೆ, ಹೀಗೆ ಎರಡು ಸಲ ದುಡ್ಡು ತೆರುತ್ತಿದ್ದೀರಿ.

ಹಾಗೆಂದು ಎಲ್ಲ ದೀಪಗಳನ್ನೂ ಒಂದೇ ಏಟಿಗೆ ಬದಲಿಸಬೇಕಿಲ್ಲ. ಹ್ಯಾಲೋಜನ್ನಿನ ಬೆಚ್ಚನೆಯ ಬಣ್ಣವನ್ನು, ಅದು ನಿಧಾನಕ್ಕೆ ಕಂತುವ ಪರಿಯನ್ನು ಬಿಟ್ಟುಕೊಡಲು ಅನೇಕ ಬೆಳಕು ವಿನ್ಯಾಸಕರಿಗೆ ಮನಸ್ಸಿಲ್ಲ. ಅವರ ಮಾತಿನಲ್ಲಿ ನ್ಯಾಯವಿದೆ: ಅಗ್ಗದ ಎಲ್‌ಇಡಿ ಮೆಲ್ಲಗೆ ಆರುವ ಬದಲು ಕೊನೆಯಲ್ಲಿ ತಟ್ಟನೆ ನಂದುತ್ತದೆ. ಆದ್ದರಿಂದ ನಟರ ಮುಖಕ್ಕೆ ಬೀಳುವ ದೀಪಗಳು ಸದ್ಯಕ್ಕೆ ಇರಲಿ. ಹಿಂಪರದೆಗೆ ಬಣ್ಣ ಕೊಡುವ ದೀಪಗಳಿಂದ ಶುರುಮಾಡಿ. ಗಾಢ ನೀಲಿ ಜೆಲಟಿನ್ ಹಾಳೆ ಹಾಕಿದ ಹ್ಯಾಲೋಜನ್ನಿನ ಬೆಳಕನ್ನು ಬಹುಪಾಲು ಹಾಳೆಯೇ ನುಂಗುತ್ತದೆ. ಕಾದು ಕಾದು ಕೊನೆಗೆ ಬಣ್ಣ ಕಳೆದುಕೊಂಡು ಕಸಕ್ಕೆ ಸೇರುತ್ತದೆ. ಎಲ್‌ಇಡಿಗೆ ಹಾಳೆಯೇ ಬೇಡ, ನೀಲಿ ಬೆಳಕನ್ನೇ ಕೊಡುತ್ತದೆ. ಒಂದು ಎಚ್ಚರಿಕೆ: ರಂಗದ ಎಲ್‌ಇಡಿಗಳನ್ನು ಬೆಳಕು ಏರಿಳಿಸುವ ಹಳೆಯ ಡಿಮ್ಮರಿಗೆ ಸಿಕ್ಕಿಸಬಾರದು. ಅವಕ್ಕೆ ನೇರ ಲೈನು, ದೀಪಗಳಿಗೆ ಸಂಕೇತ ಒಯ್ಯುವ ಬೇರೆ ಡಿಎಂಎಕ್ಸ್ ಕೇಬಲ್ಲು ಬೇಕು. ಆ ಖರ್ಚನ್ನೂ ಅಂದಾಜಿನಲ್ಲಿ ಸೇರಿಸಿಯೇ ಕೈಹಾಕಿ.

ಏಸಿಯನ್ನು 24 ಡಿಗ್ರಿಗಿಂತ ಕೆಳಗಿಳಿಸಬೇಡಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಮಲೆನಾಡು, ಮೈಸೂರು ಕಡೆಯ ಊರಾದರೆ ವರ್ಷದ ಎಷ್ಟೋ ಸಂಜೆ ಏಸಿಯೇ ಬೇಕಾಗದು. ಮೈಸೂರಿನ ರಂಗಾಯಣದ ವನರಂಗ, ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರಗಳಲ್ಲಿ ಜನ ಬಯಲ ಗಾಳಿಯಲ್ಲೇ ಕೂತು ನಾಟಕ ನೋಡಿದ್ದಾರೆ. ಮಂದಿರದ ಮೇಲ್ಗೋಡೆಯಲ್ಲಿ ಮುಚ್ಚಿಹೋದ ಗವಾಕ್ಷಿಗಳಿದ್ದರೆ ತೆರೆಸಿ, ಬಿಸಿಗಾಳಿ ಹೊರಹೋಗಲಿ.

ಈಗ ಸೋಲಾರ್. ಒಂದು ಕಿಲೋವ್ಯಾಟಿಗೆ ಸುಮಾರು 100 ಚದರಡಿ ಜಾಗ ಹಿಡಿಯುತ್ತದೆ, ದಿನಕ್ಕೆ ಸರಾಸರಿ 4 ಯೂನಿಟ್ ಸಿಗುತ್ತದೆ. ಆದರೆ ನಾಟಕ ಶುರುವಾಗುವ ಮೂರನೇ ಬೆಲ್ ಹೊಡೆಯುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಹಗಲಿನ ವಿದ್ಯುತ್ತನ್ನು ಗ್ರಿಡ್ಡಿಗೆ, ಅಂದರೆ ಊರಿನ ವಿದ್ಯುತ್ ಜಾಲಕ್ಕೆ ಕೊಟ್ಟು, ಅಷ್ಟನ್ನು ಬಿಲ್ಲಿನಿಂದ ಕಳೆಯಿಸಿಕೊಳ್ಳಬೇಕು ಅಷ್ಟೆ. ಇನ್ನೊಂದು ಸಂಗತಿ ಎಷ್ಟೋ ಸಮಿತಿಗಳಿಗೆ ಹೊಳೆಯುವುದಿಲ್ಲ. ಬ್ಯಾಟರಿಯಿಲ್ಲದ ಗ್ರಿಡ್ ಸೋಲಾರ್, ಕರೆಂಟು ಹೋದಾಗ ಲೈನ್‌ಮನ್‌ಗಳ ಸುರಕ್ಷತೆಗೆಂದು ತಾನೂ ನಿಂತುಬಿಡುತ್ತದೆ. ಹಗಲು ಪ್ರದರ್ಶನವಿದ್ದರೂ ಡೀಸೆಲ್ ಜನರೇಟರ್ ಓಡಲೇಬೇಕು. ದೀಪದ ಲೋಡು ಮೊದಲೇ ಇಳಿಸಿಕೊಂಡಿದ್ದರೆ ಸಣ್ಣ ಬ್ಯಾಟರಿಯಲ್ಲೇ ನಾಟಕ ನಿಲ್ಲದೆ ಸಾಗೀತು.

ರಂಗಸಜ್ಜಿಕೆಯ ವಿಷಯದಲ್ಲಿ ನಮ್ಮ ಕಂಪನಿ ನಾಟಕದವರೇ ದಾರಿ ತೋರಿದ್ದಾರೆ. ಬೀದಿ ಪರದೆ, ಕಾಡಿನ ಪರದೆ, ದರ್ಬಾರು ಪರದೆಗಳು ನಾಟಕದಿಂದ ನಾಟಕಕ್ಕೆ, ಊರಿಂದೂರಿಗೆ ಸಾಗುತ್ತಿದ್ದವು. ಲೆವೆಲ್ಲುಗಳನ್ನೂ (ರಂಗದ ಮೇಲೆ ಎತ್ತರ ಕೊಡುವ ಕಟ್ಟೆಗಳು) ಚೌಕಟ್ಟುಗಳನ್ನೂ ಮಂದಿರವೇ ಇಟ್ಟುಕೊಂಡು ಬರುವ ತಂಡಗಳಿಗೆ ಕೊಡಲಿ. ಥರ್ಮಾಕೋಲ್ ಒಳಗೆ ಬಿಡಬೇಡಿ. ಫ್ಲೆಕ್ಸನ್ನು ರಾಜ್ಯ 2016ರಲ್ಲೇ ನಿಷೇಧಿಸಿದೆ, ಬಟ್ಟೆಯ ಬ್ಯಾನರ್ ಬರೆಸಿ.

ಕೊನೆಯದು, ಬಿಲ್ಲಿನಲ್ಲಿ ಕಾಣದ ಲೆಕ್ಕ. ಮೇಲಿನ 20 ದೀಪ ಎರಡು ಗಂಟೆ ಉರಿದರೆ 40 ಯೂನಿಟ್. ನಮ್ಮ ಗ್ರಿಡ್ಡಿನಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹಿಡಿದರೆ 28 ಕಿಲೋ. ಪ್ರೇಕ್ಷಕರ 40 ಕಾರುಗಳು ಹೋಗಿಬರಲು ತಲಾ 20 ಕಿಲೋಮೀಟರ್ ಓಡಿದರೆ ಸುಮಾರು 50 ಲೀಟರ್ ಪೆಟ್ರೋಲ್, ಅದರಿಂದ 115 ಕಿಲೋ. ಅಂದರೆ ದೀಪಗಳ ನಾಲ್ಕು ಪಟ್ಟು. ಜನ ಬಸ್ಸಿನಲ್ಲೇ ಬಂದುಹೋಗುವಂತೆ ಆಟವನ್ನು ಏಳೂವರೆಯ ಬದಲು ಆರೂವರೆಗೆ ಶುರುಮಾಡಿ. ಕೊನೆಯ ಬಸ್ಸಿನ ಹೊತ್ತನ್ನು ಟಿಕೆಟ್ಟಿನ ಮೇಲೆಯೇ ಅಚ್ಚುಹಾಕಿಸಿ.