ಉಪಗ್ರಹಕ್ಕೆ ಊರಿನ ಹೆಸರು ಕಾಣುವುದಿಲ್ಲ

2010ರ ಜನವರಿ 12ರಂದು ಹೈಟಿಯಲ್ಲಿ ಭೂಮಿ ಕಂಪಿಸಿದಾಗ, ರಾಜಧಾನಿ ಪೋರ್ಟೊ ಪ್ರಿನ್ಸ್‌ನ ಬಹುಪಾಲು ಬೀದಿಗಳು ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಅಂತರ್ಜಾಲ ನಕ್ಷೆಯಲ್ಲಿ ಇರಲೇ ಇಲ್ಲ. ಉಪಗ್ರಹ ಸಂಸ್ಥೆಗಳು ತಮ್ಮ ಚಿತ್ರಗಳನ್ನು ಬಳಕೆಗೆ ಬಿಟ್ಟುಕೊಟ್ಟ ಮೇಲೆ, ನಾನಾ ದೇಶಗಳ ನೂರಾರು ಸ್ವಯಂಸೇವಕರು ಅವುಗಳ ಮೇಲೆ ಗೆರೆ ಎಳೆದು ರಸ್ತೆ, ಕಟ್ಟಡ, ಶಿಬಿರಗಳನ್ನು ಗುರುತಿಸಿದರು. ರಕ್ಷಣಾ ತಂಡಗಳು ಅದೇ ನಕ್ಷೆಯನ್ನು ತಮ್ಮ ಜಿಪಿಎಸ್ ಸಾಧನಗಳಿಗೆ ಇಳಿಸಿಕೊಂಡು ಹೊರಟವು. ಈ ಕೆಲಸಕ್ಕಾಗಿಯೇ ಹಾಟ್ (ಹ್ಯುಮ್ಯಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ ಟೀಮ್) ಎಂಬ ಸಂಸ್ಥೆ ಅದೇ ವರ್ಷ ರೂಪುಗೊಂಡಿತು.

ದೂರದಲ್ಲಿ ಕುಳಿತವರೇ ನಕ್ಷೆಯನ್ನು ಪೂರ್ತಿಗೊಳಿಸಬಲ್ಲರು ಎಂಬ ನಂಬಿಕೆಯೂ ಅಂದಿನಿಂದ ಬೆಳೆದಿದೆ. ಅದನ್ನು ನಾನು ಒಪ್ಪುವುದಿಲ್ಲ.

ಮೇಲಿನಿಂದ ನೋಡುವವನಿಗೆ ಒಂದು ಕಂದು ಗೆರೆ ಕಾಣುತ್ತದೆ. ಮಳೆ ಬಿದ್ದ ಮೇಲೆ ಅದರಲ್ಲಿ ಲಾರಿ ಹೋಗುತ್ತದೆಯೇ, ಕಾಲ್ನಡಿಗೆಗಷ್ಟೇ ಆದೀತೇ ಎಂಬುದು ಕಾಣುವುದಿಲ್ಲ. ಉದ್ದನೆಯ ತಗಡಿನ ಚಾವಣಿ ಕಾಣುತ್ತದೆ. ಅದು ಶಾಲೆಯೋ, ಆಸ್ಪತ್ರೆಯೋ, ಉಗ್ರಾಣವೋ ತಿಳಿಯುವುದಿಲ್ಲ. ಭೂಕಂಪದ ನಂತರ ಚಾವಣಿ ಸಮತಟ್ಟಾಗಿಯೇ ಉಳಿದು ಅದರಡಿಯ ಗೋಡೆಗಳು ಕುಸಿದಿರಬಹುದಾದ್ದರಿಂದ, ಹಾನಿಯ ಅಂದಾಜನ್ನು ನೇರವಾಗಿ ಕೆಳಮುಖವಾಗಿ ತೆಗೆದ ಚಿತ್ರವೊಂದರಿಂದಲೇ ಮಾಡುವುದು ಅಪಾಯಕಾರಿ. ಇನ್ನು ಹೆಸರಿನ ವಿಷಯ. 2014ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಎಬೋಲಾ ಹರಡಿದಾಗ, ಗಿನಿ ದೇಶದ ಗೆಕೆಡು ಪ್ರದೇಶದ ರಸ್ತೆಗಳನ್ನೂ ಕಟ್ಟಡಗಳನ್ನೂ ಸ್ವಯಂಸೇವಕರು ಕೆಲವೇ ದಿನಗಳಲ್ಲಿ ಗುರುತಿಸಿದರು. ಆದರೆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಆರೋಗ್ಯ ಕಾರ್ಯಕರ್ತನಿಗೆ ರೋಗಿ ಹೇಳುವುದು ಊರಿನ ಹೆಸರನ್ನೇ ಹೊರತು ಅಕ್ಷಾಂಶ ರೇಖಾಂಶಗಳನ್ನಲ್ಲ. ಆ ಹೆಸರು ನಕ್ಷೆಗೆ ಬರಬೇಕಾದರೆ ಅಲ್ಲಿನವರೇ ಹೇಳಬೇಕು.

ನೇಪಾಳದ ಅನುಭವ ಇದಕ್ಕಾಗಿಯೇ ನನಗೆ ಮುಖ್ಯವೆನಿಸುತ್ತದೆ. 2015ರ ಏಪ್ರಿಲ್ 25ರ ಭೂಕಂಪಕ್ಕೆ ಮೊದಲೇ, ಕಠ್ಮಂಡು ಲಿವಿಂಗ್ ಲ್ಯಾಬ್ಸ್ ಎಂಬ ಸ್ಥಳೀಯ ಸಂಸ್ಥೆ ಕಣಿವೆಯ ಶಾಲೆ, ಆಸ್ಪತ್ರೆಗಳನ್ನು ನಕ್ಷೆಗೆ ತರುವ ಕೆಲಸದಲ್ಲಿ ವಿದ್ಯಾರ್ಥಿಗಳನ್ನು ಪಳಗಿಸಿತ್ತು. ಆದ್ದರಿಂದ ಸಾವಿರಾರು ಹೊರದೇಶದ ಸ್ವಯಂಸೇವಕರು ಗೆರೆ ಎಳೆಯಲು ಕುಳಿತಾಗ, ಎಲ್ಲಿನ ಕೆಲಸ ಮೊದಲಾಗಬೇಕೆಂದು ಹೇಳಬಲ್ಲವರು ಅಲ್ಲೇ ಇದ್ದರು. ಟಾಂಜಾನಿಯಾದ ದಾರ್ ಎಸ್ ಸಲಾಮ್ ನಗರದ ರಮಾನಿ ಹುರಿಯಾ ಎಂಬ ನಕ್ಷೆ ಯೋಜನೆಯಲ್ಲೂ ವಿದ್ಯಾರ್ಥಿಗಳು ಮತ್ತು ನಿವಾಸಿಗಳು ಪ್ರವಾಹಪೀಡಿತ ಬಡಾವಣೆಗಳಲ್ಲಿ ನಡೆದಾಡಿ ಚರಂಡಿಗಳನ್ನು ದಾಖಲಿಸಿದರು. ನೀರು ಎಲ್ಲಿಯವರೆಗೆ ಏರುತ್ತದೆಂದು ಅಲ್ಲಿ ಬಾಳುವವರಿಗಿಂತ ಚೆನ್ನಾಗಿ ಯಾರು ಬಲ್ಲರು?

ತಂತ್ರಜ್ಞಾನವನ್ನು ನಾನು ಕಡೆಗಣಿಸುತ್ತಿಲ್ಲ. ಪ್ರದೇಶವನ್ನು ಚೌಕಗಳಾಗಿ ಹಂಚಿಕೊಡುವ ವ್ಯವಸ್ಥೆ, ಒಬ್ಬರ ಗೆರೆಯನ್ನು ಇನ್ನೊಬ್ಬ ಅನುಭವಿ ಪರಿಶೀಲಿಸುವ ಕ್ರಮ, ನೆಟ್‌ವರ್ಕ್ ಇಲ್ಲದೆಯೂ ಮೊಬೈಲಿನಲ್ಲಿ ತೆರೆದುಕೊಳ್ಳುವ ನಕ್ಷೆ ಇವಿಲ್ಲದೆ ನಮ್ಮ ಕೆಲಸ ಸಾಗದು. ಕೃತಕ ಬುದ್ಧಿಮತ್ತೆ ಈಗ ಕಟ್ಟಡಗಳ ಅಂಚನ್ನು ತಾನೇ ಗುರುತಿಸುತ್ತದೆ, ಆದರೆ ದೊಡ್ಡ ಬಂಡೆಯನ್ನೂ ಮನೆಯೆಂದು ಎಣಿಸಬಲ್ಲದು. ಮುಕ್ತತೆಗೂ ಮಿತಿ ಬೇಕು: ಸಂಘರ್ಷದ ನೆಲದಲ್ಲಿ ಜನ ಎಲ್ಲಿ ಆಶ್ರಯ ಪಡೆದಿದ್ದಾರೆಂಬುದನ್ನು ಎಲ್ಲರಿಗೂ ಕಾಣುವಂತೆ ಗುರುತಿಸಬಾರದು, ಮತ್ತು ನಕ್ಷೆಯಿಂದ ಏನನ್ನು ಕೈಬಿಡಬೇಕೆಂಬ ತೀರ್ಮಾನ ಆ ಜನರದ್ದೇ ಆಗಿರಬೇಕು.

ಹೀಗಾಗಿ ಯಾವುದೇ ನಕ್ಷೆ ಯೋಜನೆಯ ಹಣದಲ್ಲಿ ಸ್ಥಳೀಯರ ತರಬೇತಿ, ಡೇಟಾ ಖರ್ಚು, ದಿನದ ಭತ್ಯೆಗೆ ಪಾಲಿದೆಯೇ ಎಂದು ನಾನು ಮೊದಲು ನೋಡುತ್ತೇನೆ. ತುರ್ತಿನಲ್ಲಿ ಗುರುತಿಸಿದ ಡೇರೆಗಳು ತಿಂಗಳುಗಳ ನಂತರ ಖಾಲಿಯಾಗುತ್ತವೆ, ಕೊಚ್ಚಿಹೋದ ಸೇತುವೆಯ ಜಾಗದಲ್ಲಿ ಹೊಸದು ಏಳುತ್ತದೆ. ಅಷ್ಟರಲ್ಲಿ ದೂರದ ಸ್ವಯಂಸೇವಕರು ಮುಂದಿನ ವಿಪತ್ತಿನ ಚೌಕಗಳಿಗೆ ಹೋಗಿರುತ್ತಾರೆ, ಹಳೆಯ ಗೆರೆಯನ್ನು ಅಳಿಸಬಲ್ಲವರು ಆ ಸೇತುವೆಯನ್ನು ದಿನವೂ ದಾಟುವವರು ಮಾತ್ರ.